ತಂಗಿ ಹೆಸರು ಯಾಕ ಬರ್ಲಿಲ್ಲ?

ಒಂಬತ್ತನೇ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆಗೆ ಸಿಕ್ಕ ವಿಷಯ ‘ಹಳೇ ಕಾಲದ ರಾಣಿಯರು ಇಂದಿನ ಹುಡುಗಿಯರಿಗೆ ಆದರ್ಶವೇ?’ ನಾನು ‘ಹೌದು’ ಎನ್ನುವ ಕಡೆ. ಗದಗಿನ ಹುಡುಗಿಗೆ ಇದೇನು ಕಷ್ಟ, ಅಲ್ವಾ? ಬಸ್ ಹತ್ತಿದರೆ 12 ಕಿಲೋಮೀಟರಿಗೆ ಲಕ್ಕುಂಡಿ.

ಭಾಷಣ ಶುರು ಮಾಡಿದ್ದು ಸೂಡಿಯ ಅಕ್ಕಾದೇವಿಯಿಂದ. ಚಾಲುಕ್ಯ ದೊರೆ ಜಯಸಿಂಹನ ಸೋದರಿ. ‘ಕಿಸುಕಾಡು ಎಪ್ಪತ್ತು’ ಎಂಬ ನಾಡನ್ನು ಆಳಿದವಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಆಮೇಲೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದವಳು. ಚಪ್ಪಾಳೆ ಗ್ಯಾರಂಟಿ ಅಂದುಕೊಂಡೆ.

ಸ್ಪರ್ಧೆಗೆ ಮೊದಲು ಇತಿಹಾಸದ ಅಕ್ಕೋರು ಪೂರ್ತಿ ಕೇಳಿದರು. “ಅತ್ತಿಮಬ್ಬಿ ರಾಣಿ ಅಲ್ಲವಾ, ದಂಡನಾಯಕನ ಹೆಂಡ್ತಿ. ಅದಿರ್ಲಿ. ಅಕಿ ತಂಗಿ ಹೆಸರು ಯಾಕ ಬರ್ಲಿಲ್ಲ?”

ತಂಗಿ ಇದ್ದಳು ಅಂತಲೇ ನನಗೆ ಗೊತ್ತಿರಲಿಲ್ಲ. ಲೈಬ್ರರಿಗೆ ಕಳಿಸಿದರು. ಅಕ್ಕತಂಗಿ ಇಬ್ಬರನ್ನೂ ದಂಡನಾಯಕ ನಾಗದೇವನಿಗೇ ಕೊಟ್ಟಿದ್ದರು. ಅವನು ತೀರಿಕೊಂಡಾಗ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗನನ್ನು ಸಾಕುತ್ತಾ ಉಳಿದಳು. ರನ್ನನ ಅಜಿತಪುರಾಣದಲ್ಲಿ ಇಬ್ಬರ ಕಥೆಯೂ ಇದೆ.

ನನಗೆ ಸಿಟ್ಟು ಬಂತು. ಚೆಂದದ ಭಾಷಣ ಸುಮ್ನೆ ಹಾಳಾಯಿತಲ್ಲ! ಆದರೆ ಓದಿದ ಮೇಲೆ ಬಿಡುವ ಹಾಗಿರಲಿಲ್ಲ. ಒಂದೇ ಮನೆ, ಒಬ್ಬನೇ ಗಂಡ. ಯಾರನ್ನು ಆದರ್ಶ ಅನ್ನೋದು? ಅಕ್ಕಾದೇವಿಯ ಮೇಲೂ ಅನುಮಾನ ಬಂತು. ಅರಮನೆಯಲ್ಲಿ ಹುಟ್ಟಿದ್ದಕ್ಕೆ ಅವಳಿಗೆ ನಾಡು ಸಿಕ್ಕಿತು. ಕಿಸುಕಾಡಿನಲ್ಲಿ ಜೋಳ ಕೊಯ್ಯುತ್ತಿದ್ದವಳಿಗೆ ಏನು ಸಿಕ್ಕಿತು?

ಸ್ಪರ್ಧೆಯ ದಿನ ಗುಂಡಮಬ್ಬೆಯ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಬಹುಮಾನ ಬರಲಿಲ್ಲ. “ಯಾವ ಕಡೆ ಮಾತಾಡಿದಿ ಅಂತನ ತಿಳೀಲಿಲ್ಲ” ಎಂದರು ಒಬ್ಬ ತೀರ್ಪುಗಾರರು. ನನಗೂ ತಿಳಿದಿರಲಿಲ್ಲ ಬಿಡಿ.

ಈಗಲೂ ಯಾವ ರಾಣಿಯನ್ನೂ ಇಡಿಯಾಗಿ ತಲೆ ಮೇಲೆ ಹೊತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಅತ್ತಿಮಬ್ಬೆಯ ಆ 1000 ಪ್ರತಿ ಮಾತ್ರ ಬಿಟ್ಟು ಹೋಗಿಲ್ಲ. ನಾನು ಸೇರಿದ್ದೂ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೇ. ಸಾವಿರ ಪ್ರತಿ ಅಂದರೆ ನಮಗೆ ಸಣ್ಣ ಆರ್ಡರ್. ಮಶಿನ್‌ಗೆ ಹಾಕಿ ಚಹಾ ಕುಡಿದು ಬರುತ್ತೇವೆ. ಆಕೆಯ ಸಾವಿರಕ್ಕೆ ಒಂದೊಂದು ಅಕ್ಷರವನ್ನೂ ತಾಳೆಗರಿಯ ಮೇಲೆ ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಕೊರೆಯಬೇಕಿತ್ತು. ಎಷ್ಟು ಜನರ ಬೆರಳು ನೊಂದವೋ! ಅವರ ಹೆಸರೂ ನನ್ನ ಭಾಷಣದಲ್ಲಿ ಇರಲಿಲ್ಲ.

ಈ ಸಂಚಿಕೆ ನಮ್ಮಲ್ಲೇ ಅಚ್ಚಾಗುತ್ತಿದೆ. ಅಕ್ಕೋರಿಗೆ ಒಂದು ಪ್ರತಿ ತೆಗೆದಿಡಬೇಕು. ರಿಟೈರ್ ಆಗಿದ್ದರೂ ಕೆಂಪು ಪೆನ್ನು ಇನ್ನೂ ಕೈಬಿಟ್ಟಿಲ್ಲ.