ಬಾಡಿಗೆ ಮನೆ ಖಾಲಿ ಆದಾಗ ಮೊದ್ಲು ಏನ್ ಮಾಡಿಸ್ಬೇಕು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

"ಮನೆ ಖಾಲಿ ಆಗಿದೆ ಸಾರ್, ಟೈಲ್ಸ್ ಚೇಂಜ್ ಮಾಡಿಸ್ಲಾ, ಮಾಡ್ಯುಲರ್ ಕಿಚನ್ ಹಾಕಿಸ್ಲಾ, ಎಷ್ಟು ಖರ್ಚು ಮಾಡಿದ್ರೆ ಬಾಡಿಗೆ ಎಷ್ಟು ಏರುತ್ತೆ?" ಬೆಂಗಳೂರಲ್ಲಿ ಒಂದೆರಡು ಮನೆ ಬಾಡಿಗೆಗೆ ಬಿಟ್ಟಿರೋ ನೆಂಟರು, ಸ್ನೇಹಿತರು ಎಲ್ಲ ಇದನ್ನೇ ಕೇಳ್ತಿರ್ತಾರೆ. ನಾನು ಹೇಳೋದು ಯಾವಾಗ್ಲೂ ಒಂದೇ, ಮೊದ್ಲು ನೀರಿನ ಕೆಲಸ, ಆಮೇಲೆ ಕರೆಂಟ್ ಕೆಲಸ, ದುಡ್ಡು ಉಳಿದ್ರೆ ಚಂದದ ಕೆಲಸ.

ಖಾಲಿ ಮನೆಗೆ ಹೋದ್ರೆ ಬಾತ್‌ರೂಮಿಗೆ ಅಂಟಿಕೊಂಡಿರೋ ಬೆಡ್‌ರೂಮ್ ಗೋಡೆ ನೋಡಿ. ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ಮೇಲೆ ಒಂದಡಿ ಎತ್ತರಕ್ಕೆ ಪೇಂಟ್ ಉಬ್ಬಿರುತ್ತೆ, ಉಗುರಲ್ಲಿ ಕೆರೆದ್ರೆ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ, ಒಳಗೆ ಉಪ್ಪಿನ ಥರ ಬಿಳೀ ಪುಡಿ. ಪೇಂಟರ್ ಬಂದು ಕೆರೆದು ಎರಡು ಕೋಟ್ ಪುಟ್ಟಿ ಹೊಡೆದು ಬಣ್ಣ ಬಳಿದ್ರೆ ಮನೆ ತೋರಿಸೋ ದಿನ ಚೆನ್ನಾಗೇ ಕಾಣುತ್ತೆ, ಆದ್ರೆ ಒಳಗಿನ ನೀರು ಅಲ್ಲೇ ಇರುತ್ತಲ್ಲ, ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಉಬ್ಬುತ್ತೆ. ಯಾಕಂದ್ರೆ ಬಹಳ ಮನೆಗಳಲ್ಲಿ ಬಾತ್‌ರೂಮ್ ಸ್ಲ್ಯಾಬನ್ನ ತಗ್ಗಿಸಿ ಹಾಕಿ ಮೇಲೆ ಇಟ್ಟಿಗೆ ಚೂರು ತುಂಬಿರ್ತಾರೆ, ಟೈಲ್ಸ್ ಸಂದಿಯಿಂದ್ಲೋ ನೀರು ಹೋಗೋ ಟ್ರ್ಯಾಪ್ ಪಕ್ಕದಿಂದ್ಲೋ ಇಳಿದ ನೀರು ಆ ಗುಂಡೀಲಿ ನಿಂತು ಗೋಡೆಗೆ ಹತ್ತುತ್ತೆ.

ಪರೀಕ್ಷೆ ಮಾಡೋದು ಸುಲಭ. ಟ್ರ್ಯಾಪ್ ಬಾಯಿ ಭದ್ರವಾಗಿ ಮುಚ್ಚಿ ನೆಲದ ಮೇಲೆ ನೀರು ನಿಲ್ಸಿ, ಗೋಡೆ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ, 24 ಗಂಟೆ ಬಿಟ್ಟು ನೋಡಿ. ನೀರು ಚೆನ್ನಾಗಿ ಇಳಿದಿದ್ರೆ ನೆಲದಲ್ಲೇ ತೊಂದರೆ. ಬಾತ್‌ರೂಮ್ ಯಾರೂ ಬಳಸದೇ ಇದ್ರೂ ಗೋಡೆ ಒಸರ್ತಾನೇ ಇದ್ರೆ ಗೋಡೆಯೊಳಗಿನ ಪೈಪ್ ಮೇಲೆ ಅನುಮಾನ ಪಡಿ, ಪ್ಲಂಬರ್ ಹತ್ರ ಪ್ರೆಶರ್ ಟೆಸ್ಟ್ (ಪೈಪಲ್ಲಿ ಒತ್ತಡ ತುಂಬಿ ಸೋರುತ್ತಾ ಅಂತ ನೋಡೋದು) ಮಾಡಿಸಿ. ಸಣ್ಣ ಲೀಕ್ ಆದ್ರೆ ಸಂದಿ ಬಿಡಿಸಿ ಎಪಾಕ್ಸಿ ಗ್ರೌಟ್ (ನೀರು ಇಳಿಯದ ಸಂದಿ ಪೇಸ್ಟ್) ತುಂಬಿಸಿದ್ರೆ ಸಾಕಾಗಬಹುದು, ಇಲ್ಲಾಂದ್ರೆ ಟೈಲ್ಸ್ ಒಡೆದು ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸ್ಬೇಕು, ಆ ಕೋಟನ್ನ ಗೋಡೆ ಮೇಲೂ ಒಂದಡಿ ಏರಿಸ್ಬೇಕು. ಮೇಸ್ತ್ರಿ ಅವಸರ ಮಾಡ್ತಾರೆ, ಆದ್ರೆ ಹೊಸ ಕೋಟ್ ಮೇಲೆ ನೀರು ನಿಲ್ಸಿ ನೋಡೋವರೆಗೂ ಟೈಲ್ಸ್ ಕೂರಿಸೋಕೆ ಬಿಡ್ಬೇಡಿ, ವಾಟ, ಅಂದ್ರೆ ನೀರು ಹರಿದು ಹೋಗೋ ಇಳಿಜಾರು, ಸರಿಯಾಗಿದ್ಯಾ ಅಂತ ಒಂದು ಚೊಂಬು ನೀರು ಸುರಿದು ನೋಡಿ. ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಪುಟ್ಟಿ.

ತಾರಸಿ ಕೆಲಸ ಇದ್ರೆ ಬೇಸಿಗೇಲೇ ಮುಗಿಸ್ಕೊಳ್ಳಿ. ಬೆಂಗಳೂರಲ್ಲಿ ಸೆಪ್ಟೆಂಬರ್ ಮಳೆನೇ ಜೋರು, ಆಗ ಮೇಸ್ತ್ರಿ ಹುಡುಕ್ಕೊಂಡು ಓಡಾಡಿದ್ರೆ ಪ್ರಯೋಜನ ಇಲ್ಲ.

ಕರೆಂಟ್ ವಿಷಯದಲ್ಲಿ ನಾನು ಚೌಕಾಸಿ ಮಾಡಲ್ಲ. ಹಳೇ ಮನೆ ವೈರಿಂಗ್ ಹಾಕಿದ್ದು ಬಲ್ಬು, ಫ್ಯಾನು, ಟಿವಿ ಲೆಕ್ಕದಲ್ಲಿ. ಈಗ ಗೀಸರ್ರು, ಇಂಡಕ್ಷನ್ ಸ್ಟವ್ವು, ವಾಷಿಂಗ್ ಮಷೀನು ಎಲ್ಲ ಅದ್ರ ಮೇಲೇ. ಗೀಸರ್‌ಗೆ ಮೇನ್ ಬೋರ್ಡಿಂದ ಬೇರೆಯೇ 4 ಸ್ಕ್ವೇರ್ ಎಂಎಂ ವೈರ್ ಎಳೆಸಿ, ಅರ್ತಿಂಗ್ ಚೆಕ್ ಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡ್ಲೇ ಲೈನ್ ಕಡಿಯೋ ಸ್ವಿಚ್) ಹಾಕಿಸಿ. ಬೇರೆಯವರ ಮಕ್ಕಳು ಆ ಬಾತ್‌ರೂಮಲ್ಲಿ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ತಾರೆ, ನಾವು ಬಾಡಿಗೆ ತಗೊಳ್ತಾ ಇದೀವಿ ಅಂದ್ಮೇಲೆ ಅವರ ಜೀವದ ಜವಾಬ್ದಾರಿ ನಮ್ಮ ಮೇಲೂ ಇದೆ.

ಇನ್ನು ಮಾಡ್ಯುಲರ್ ಕಿಚನ್. 20 ಸಾವಿರ ಬಾಡಿಗೆ ಬರೋ ಮನೆಗೆ 3 ಲಕ್ಷ ಸುರಿದು ಬಾಡಿಗೆ 2 ಸಾವಿರ ಏರ್ತು ಅಂದ್ಕೊಳ್ಳಿ, ವರ್ಷಕ್ಕೆ 24 ಸಾವಿರ, ಹಾಕಿದ ದುಡ್ಡು ವಾಪಸ್ ಬರೋಕೆ ಹನ್ನೆರಡೂವರೆ ವರ್ಷ ಬೇಕು, ಅಷ್ಟರಲ್ಲಿ ಸಿಂಕ್ ಕೆಳಗಿನ ಪ್ಲೈವುಡ್ಡೇ ಕೊಳೆತಿರುತ್ತೆ. ಅದೇ ಒಳ್ಳೇ ಟೆನೆಂಟ್ ಬೇಜಾರಾಗಿ ಬಿಟ್ಟು ಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ರೆ 20 ಸಾವಿರ ಹೋಯ್ತು. ಹಾಗಾಗಿ "ಅಂಕಲ್, ನಲ್ಲಿ ಸೋರ್ತಿದೆ" ಅಂತ ಫೋನ್ ಬಂದ್ರೆ ಅವತ್ತೇ ಪ್ಲಂಬರ್‌ನ ಕಳಿಸೋದು ಹೊಸ ಕಿಚನ್‌ಗಿಂತ ಲಾಭದ ಕೆಲಸ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಯಾವ ರಿಪೇರಿ ಯಾರದು ಅನ್ನೋ ಜಗಳಕ್ಕೆ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಚೆನ್ನಾಗಿದೆ. ಗೋಡೆಗೆ ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಎಲ್ಲ ಓನರ್‌ದು, ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆದಾರರದು. ಅದು ಕೇಂದ್ರದ ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ತರಬೇಕು, ಆದ್ರೂ ಅದನ್ನ ನೋಡ್ಕೊಂಡು ಅಗ್ರಿಮೆಂಟಲ್ಲೇ ಬರೆಸ್ಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋ ಪದ್ಧತಿ ಇದ್ಯಲ್ಲ, ಹಿಡ್ಕೊಂಡ್ರೆ ನಿಜವಾಗ್ಲೂ ಪೇಂಟ್ ಮಾಡಿಸಿ, ಕೇಳಿದ್ರೆ ಬಿಲ್ ತೋರಿಸಿ.

ಟ್ಯಾಕ್ಸ್ ಬಗ್ಗೆನೂ ಕೇಳ್ತಾರೆ. ಬಾಡಿಗೆ ಆದಾಯದಲ್ಲಿ ಮುನಿಸಿಪಲ್ ತೆರಿಗೆ ಕಳೆದು ಉಳಿದಿದ್ದರಲ್ಲಿ 30 ಪರ್ಸೆಂಟ್ ಡಿಡಕ್ಷನ್ ತಾನಾಗೇ ಸಿಗುತ್ತೆ, ನೀವು ಒಂದು ರೂಪಾಯಿ ರಿಪೇರಿ ಮಾಡಿಸದಿದ್ರೂ ಅಷ್ಟೇ, ಐದು ಲಕ್ಷ ಖರ್ಚು ಮಾಡಿದ್ರೂ ಅಷ್ಟೇ. ಆದ್ರೆ ಹೊಸ ರೂಮ್ ಕಟ್ಟಿಸಿದಂಥ ದೊಡ್ಡ ಕೆಲಸದ ಖರ್ಚು ಮುಂದೆ ಮನೆ ಮಾರುವಾಗ ಕ್ಯಾಪಿಟಲ್ ಗೇನ್ಸ್ (ಮಾರಾಟದ ಲಾಭ) ಲೆಕ್ಕ ಹಾಕೋವಾಗ ಕಳೆಯೋಕೆ ಬರುತ್ತೆ, ಆ ಬಿಲ್ಲುಗಳನ್ನ ಮನೆ ಪತ್ರದ ಜೊತೇಲೇ ಇಟ್ಟಿರಿ.