ಕುಂಟಿ, ಎಡಿಕುಂಟಿ: 17 ಫೈಲಿನ ಸಾಲುಗಳು ಒಂದೇ ಹಾಳೆಯಲ್ಲಿ

ಪದಸಂಗ್ರಹದ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಟ್ಟು ಎರಡು ತಿಂಗಳಾಯಿತು. ಈ ವಾರ ಬರೆಯದೆ ಇರೋಕೆ ಆಗಲಿಲ್ಲ.

ಮೊದಲ ಸಲ ಓದುವವರಿಗೆ ಹೇಳಿಬಿಡುತ್ತೇನೆ. ಕೊಪ್ಪಳ ಜಿಲ್ಲೆಯ ಒಕ್ಕಲುತನದ ಮಾತುಗಳನ್ನು ಕೂಡಿಡುತ್ತಿದ್ದೇನೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲದ ಮಾತು ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿ ಕಡೆ ಗದ್ದೆಯ ಮಾತು ಬೇರೆ. ಅದಕ್ಕೇ ಊರಿಗೊಂದು ಫೈಲ್ ಇಟ್ಟಿದ್ದೇನೆ, ಮಕ್ಕಳ ಆಟಕ್ಕೆ, ಅಡುಗೆಮನೆಗೆ ಬೇರೆ ಬೇರೆ. ಇವತ್ತಿಗೆ 31 ಫೈಲ್, ಸುಮಾರು 2,400 ಸಾಲು. ಒಂದು ಪದಕ್ಕೆ ಒಂದೇ ಸಾಲು: ಪದ, ಅರ್ಥ, ಯಾವ ಊರಿನ ಹಿರಿಯರು ಹೇಳಿದ್ದು.

ತೊಂದರೆ ಶುರುವಾದದ್ದು ನನ್ನ ಬರವಣಿಗೆಯಿಂದಲೇ. ಮೊದಮೊದಲು ಪುಸ್ತಕದ ಹಾಗೆ ಕುಂಟೆ (ಎತ್ತು ಹೂಡಿ ಹೊಲ ಹದ ಮಾಡುವ ಸಾಧನ), ಕೂರಿಗೆ (ಬಿತ್ತುವ ಸಾಧನ), ಎರೆ (ಕಪ್ಪು ಮಣ್ಣು) ಅಂತ ಬರೆದಿದ್ದೆ. ಆಮೇಲೆ ಕಿವಿಗೆ ಬಿದ್ದ ಹಾಗೆ ಕುಂಟಿ, ಕೂರ್ಗಿ, ಎರಿ ಅಂತ ಬರೆಯೋಕೆ ಶುರು ಮಾಡಿದೆ. ಈಗ ತೀರ್ಮಾನ ಮಾಡಿದ್ದೇನೆ: ಪದ ಬಾಯಲ್ಲಿ ಇದ್ದ ಹಾಗೇ ಇರಬೇಕು, ಅರ್ಥ ಮಾತ್ರ ಪುಸ್ತಕದ ಕನ್ನಡದಲ್ಲಿ.

ಹೋದ ತಿಂಗಳು ಎಲ್ಲ ಫೈಲಿಗೂ ಒಂದೇ ಕಮಾಂಡ್ ಕೊಟ್ಟು, ಎರೆ ಇದ್ದಲ್ಲೆಲ್ಲ ಎರಿ, ಕುಂಟೆ ಇದ್ದಲ್ಲೆಲ್ಲ ಕುಂಟಿ ಮಾಡಿದೆ. ಎರೆಹುಳು ಹೋಗಿ ಎರಿಹುಳು ಆಯಿತು. ಅರ್ಥದಲ್ಲಿದ್ದ 'ಎಣ್ಣೆ ಎರೆದು' ಅನ್ನೋದು 'ಎಣ್ಣೆ ಎರಿದು' ಆಯಿತು. ಆಟದ ಫೈಲಿನಲ್ಲಿದ್ದ ಕುಂಟೆಬಿಲ್ಲೆಯೂ ಉಳಿಯಲಿಲ್ಲ. ಫೈಲಿನ ಹಳೆಯ ರೂಪಗಳನ್ನು ಉಳಿಸಿಡುವ ಗಿಟ್‌ನಲ್ಲಿ ಹಳೆಯದು ಇತ್ತು, ವಾಪಸ್ ತಂದೆ. ಈ ಕೆಲಸಕ್ಕೆ ಕಣ್ಣು ಮುಚ್ಚಿಕೊಂಡು ಬದಲಿಸೋದು ಆಗೋದಿಲ್ಲ. ಪ್ರತಿ ಸಾಲನ್ನೂ ನೋಡಲೇಬೇಕು. ಹಾಗಂತ 31 ಫೈಲನ್ನು ಒಂದೊಂದಾಗಿ ತೆರೆದು ಹುಡುಕುತ್ತಾ ಕೂತರೆ ನಾಲ್ಕನೇ ಫೈಲಿಗೆ ಬರುವಷ್ಟರಲ್ಲಿ ಮೊದಲನೆಯದರಲ್ಲಿ ಏನು ಬರೆದಿದ್ದೆ ಅನ್ನೋದೇ ಮರೆತುಹೋಗುತ್ತದೆ.

ನಾನು ಬಳಸೋದು ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್. ಅದರಲ್ಲಿ ಅಕರ್ ಅನ್ನೋ ಕಮಾಂಡ್ ಇದೆ. ಹುಡುಕಿದ ಪದ ಇರುವ ಸಾಲುಗಳನ್ನಷ್ಟೇ ಆರಿಸಿ ಬೇರೆ ಹಾಳೆಯಲ್ಲಿ ತೋರಿಸುತ್ತದೆ. ಇಷ್ಟು ಗೊತ್ತಿತ್ತು. ಆ ಹಾಳೆಯಲ್ಲೇ ತಿದ್ದಬಹುದು, ತಿದ್ದಿದ್ದು ಮೂಲ ಫೈಲಿಗೆ ಹೋಗಿ ಸೇರುತ್ತದೆ ಅನ್ನೋದು ಗೊತ್ತಿರಲಿಲ್ಲ. 2012ರ 24.1 ಆವೃತ್ತಿಯಿಂದಲೇ ಈ ಸೌಲಭ್ಯ ಇದೆಯಂತೆ!

ಮೊದಲು ಫೈಲುಗಳು ತೆರೆದಿರಬೇಕು. ಫೈಲ್ ತೆರೆಯುವಾಗ ಹೆಸರಿನ ಜಾಗದಲ್ಲಿ ನಕ್ಷತ್ರ ಹಾಕಿ ಡಾಟ್ ಟಿಎಕ್ಸ್‌ಟಿ ಅಂತ ಕೊಟ್ಟರೆ ಆ ಫೋಲ್ಡರಿನ ಅಷ್ಟೂ ಟೆಕ್ಸ್ಟ್ ಫೈಲ್ ಒಟ್ಟಿಗೆ ತೆರೆದುಕೊಳ್ಳುತ್ತವೆ. ಆಮೇಲೆ ಮಲ್ಟಿ-ಅಕರ್-ಇನ್-ಮ್ಯಾಚಿಂಗ್-ಬಫರ್ಸ್ ಅನ್ನೋ ಉದ್ದದ ಕಮಾಂಡ್. ಯಾವ ಫೈಲುಗಳಲ್ಲಿ ಅಂತ ಕೇಳುತ್ತದೆ, ಯಾವ ಪದ ಅಂತ ಕೇಳುತ್ತದೆ. ನಾನು 'ಕುಂಟ' ಅಂತಷ್ಟೇ ಕೊಟ್ಟೆ. ಕನ್ನಡದಲ್ಲಿ ಸ್ವರಚಿಹ್ನೆ ಕಂಪ್ಯೂಟರಿಗೆ ಬೇರೆಯದೇ ಒಂದು ಅಕ್ಷರ, ಟಕಾರದ ನಂತರ ಕೂತಿರುತ್ತದೆ. ಹಾಗಾಗಿ ಕುಂಟೆ, ಕುಂಟಿ ಎರಡೂ ಒಂದೇ ಬಲೆಗೆ ಬಿದ್ದವು.

38 ಸಾಲು, 17 ಫೈಲಿನಿಂದ. ಪ್ರತಿ ಗುಂಪಿನ ಮೇಲೆ ಫೈಲ್ ಹೆಸರು, ಪ್ರತಿ ಸಾಲಿನ ಎಡಕ್ಕೆ ಅದರ ನಂಬರು. ಇಂಗ್ಲಿಷಿನ 'ಇ' ಒತ್ತಿದರೆ ತಿದ್ದೋಕೆ ಬಿಡುತ್ತದೆ. ಆಮೇಲೆ ಅದು ಸುಮ್ನೆ ಒಂದು ಹಾಳೆ ಇದ್ದ ಹಾಗೆ. ಕೆಳಗಿಳಿಯುತ್ತಾ ಹೋದೆ. ಪದದ ಜಾಗದಲ್ಲಿದ್ದ ಕುಂಟೆಯನ್ನು ಕುಂಟಿ ಮಾಡಿದೆ, ಅರ್ಥದಲ್ಲಿದ್ದ ಕುಂಟೆಯನ್ನು ಮುಟ್ಟಲಿಲ್ಲ, ಕುಂಟೆಬಿಲ್ಲೆ ಬಂದಾಗ ದಾಟಿ ಮುಂದೆ ಹೋದೆ. ಮುಗಿದ ಮೇಲೆ ಕಂಟ್ರೋಲ್ ಸಿ ಎರಡು ಸಲ. ಒಂದು ಎಚ್ಚರಿಕೆ: ಅದರಿಂದ ಸೇವ್ ಆಗೋದಿಲ್ಲ. ಬದಲಾವಣೆ ತೆರೆದಿರುವ ಫೈಲಿಗೆ ಆಗಲೇ ಸೇರಿರುತ್ತದೆ, ಡಿಸ್ಕಿಗೆ ಇನ್ನೂ ಇಳಿದಿರುವುದಿಲ್ಲ. ಕಂಟ್ರೋಲ್ ಎಕ್ಸ್, ನಂತರ ಬರೀ ಎಸ್ ಒತ್ತಿ, ಕೇಳಿದಾಗ ಆಶ್ಚರ್ಯಸೂಚಕ ಚಿಹ್ನೆ ಕೊಟ್ಟರೆ ಎಲ್ಲವೂ ಸೇವ್ ಆಗುತ್ತವೆ. ಗಿಟ್ ಡಿಫ್‌ನಲ್ಲಿ ನೋಡಿದೆ: ನಾನು ಮುಟ್ಟಿದ ಸಾಲುಗಳು ಬಿಟ್ಟು ಬೇರೆ ಒಂದೂ ಬದಲಾಗಿರಲಿಲ್ಲ.

ಮಾರನೇ ದಿನ ಕೊಡ್ಲಿ (ಪುಸ್ತಕದ ಕೊಡಲಿ) ಅನ್ನೋ ಪದ ಹಿಡಿದೆ. ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಹಾಳೆಯಲ್ಲಿ ಒಂದು ಊರಿನ ಫೈಲೇ ಬರಲಿಲ್ಲ. ಆ ಊರಿನಲ್ಲಿ ಕೊಡ್ಲಿ ಬಗ್ಗೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಫೈಲ್ ತೆರೆದರೆ ಸಾಲು ಅಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ. ಕರ್ಸರನ್ನು 'ಕೊ' ಮೇಲಿಟ್ಟು ಕಂಟ್ರೋಲ್ ಯು, ಕಂಟ್ರೋಲ್ ಎಕ್ಸ್, ಸಮ ಚಿಹ್ನೆ ಒತ್ತಿ ನೋಡಿದೆ. ಆಗ ಗೊತ್ತಾಯಿತು. ಒತ್ವ ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಇರಬಹುದು, ಇಲ್ಲವೇ ಎತ್ವ, ಊತ್ವದ ಕೊಂಬು ಅಂತ ಎರಡು ಚಿಹ್ನೆಯಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕಾಟಕ್ಕೆ ಮಾತ್ರ ಬೇರೆ ಬೇರೆ. ಆ ಫೈಲ್ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಂದದ್ದು. ಹಳೆಯ ಫಾಂಟಿನಲ್ಲಿ ಒತ್ವವನ್ನು ಎರಡು ತುಂಡಾಗಿ ಕೂಡಿಸುತ್ತಿದ್ದರಲ್ಲ, ಆ ತುಂಡುಗಳೇ ಹಾಗೇ ಬಂದುಬಿಟ್ಟಿವೆ. ಈತ್ವ, ಏತ್ವ, ಐತ್ವ, ಓತ್ವಕ್ಕೂ ಇದೇ ಕಥೆ.

ಪರಿಹಾರ ಸುಲಭ. ಇಡೀ ಫೈಲನ್ನು ಆಯ್ದುಕೊಂಡು ಯುಸಿಎಸ್-ನಾರ್ಮಲೈಜ್-ಎನ್‌ಎಫ್‌ಸಿ-ರೀಜನ್ ಕೊಟ್ಟೆ, ತುಂಡುಗಳು ಕೂಡಿಕೊಂಡವು. 31 ಫೈಲಿಗೂ ಮಾಡಿದೆ. ಕನ್ನಡದಲ್ಲಿ ಏನೇ ಸಂಗ್ರಹ ಮಾಡುವವರು ಇದನ್ನು ಮೊದಲ ದಿನವೇ ಮಾಡಿ. ನಾನು ಎರಡು ವರ್ಷ ತಡ ಮಾಡಿದೆ.

ಇನ್ನು ಕುಂಟಿ ಹಾಳೆಗೆ ವಾಪಸ್ ಬರುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ. 38 ಸಾಲು ಒಂದರ ಕೆಳಗೊಂದು ಬಂದಾಗ ಅರ್ಥಗಳೂ ಒಂದರ ಕೆಳಗೊಂದು ಬಂದವು. ಹೆಚ್ಚಿನ ಕಡೆ 'ಬಿತ್ತುವ ಮುಂಚೆ ಹೊಲ ಹದ ಮಾಡಲು' ಅಂತ ಬರೆದಿದ್ದೇನೆ. 7 ಸಾಲಿನಲ್ಲಿ 'ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯಲು' ಅಂತಿದೆ. ಬೇರೆ ಬೇರೆ ಫೈಲಿನಲ್ಲಿ ಇದ್ದಾಗ ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಕುಷ್ಟಗಿ ಹತ್ತಿರದ ಊರಲ್ಲಿರುವ ದೊಡ್ಡಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಹಂಗಲ್ಲ ತಮ್ಮಾ. ಬೆಳಿ ಎದ್ದ ಮ್ಯಾಲೆ ಹೊಡಿಯೋದು ಎಡಿಕುಂಟಿ. ಅಲ್ಲಿ ದೊಡ್ಡ ಕುಂಟಿ ಹೊಡದ್ರ ಬೆಳಿನೇ ಕಿತ್ತು ಬರ್ತೈತಿ," ಅಂದರು. ಸ್ವಲ್ಪ ತಡೆದು, "ಆದ್ರ ಎಡಿ ಹೊಡಿಯೋ ದಿನದಾಗ ನಾವೂ ಬರೇ ಕುಂಟಿ ಅಂತೀವಿ ಬಿಡು," ಅಂತಲೂ ಸೇರಿಸಿದರು.

ಅಂದರೆ ಆ 7 ಸಾಲು ತಪ್ಪು ಅಂತ ಅಳಿಸುವ ಹಾಗಿಲ್ಲ. ಹಾಳೆಯನ್ನು ಮತ್ತೆ ತೆರೆದು ಏಳಕ್ಕೂ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ, ಎರಡು ನಿಮಿಷದ ಕೆಲಸ. ಹೇಳಿದವರನ್ನೇ ಮತ್ತೆ ಕೇಳಿ, ಎಡಿಕುಂಟಿಗೆ ಬೇರೆ ಸಾಲು ಮಾಡಬೇಕು.

ಈ ವಿಧಾನಕ್ಕೆ ಒಂದು ಮಿತಿ ಇದೆ: ಒಂದು ಸಾಲಿನ ನಮೂದಿಗೆ ಮಾತ್ರ ಸರಿ. ರಾಶಿ ಮಾಡುವಾಗ ಹಾಡುವ ಹಂತಿ ಪದದಂತಹ ಐದಾರು ಸಾಲಿನವು ಇದರಲ್ಲಿ ಪೂರ್ತಿ ಬರೋದಿಲ್ಲ. ಝೆಡ್ ಅನ್ನೋ ಇನ್ನೊಂದು ಎಡಿಟರ್‌ನಲ್ಲಿ ಇಂಥದ್ದೇ ಹಾಳೆಗೆ ಮಲ್ಟಿಬಫರ್ ಅಂತಾರೆ; ಅದರಲ್ಲಿ ಸುತ್ತಲಿನ ಸಾಲುಗಳೂ ಸೇರಿ ತುಣುಕುಗಳು ಬರುತ್ತವೆ, ಅಲ್ಲೇ ತಿದ್ದಬಹುದು. ಹಾಡಿನ ಫೈಲುಗಳಿಗೆ ಮುಂದಿನ ತಿಂಗಳು ಅದನ್ನು ಹಿಡಿಯುತ್ತೇನೆ.

ಅದಕ್ಕೂ ಮೊದಲು ಆ 7 ಸಾಲು. ಸೋಮವಾರ ಎತ್ತು ಹೂಡೋದಿಲ್ಲ, ಹಿರಿಯರು ಮನೆ ಮುಂದೆ ಕಟ್ಟೆ ಮೇಲೆ ಸಿಗುತ್ತಾರೆ. ಮುಂಜಾನೆಯ ಕುಷ್ಟಗಿ ಬಸ್ಸಿಗೆ ಹೊರಡುತ್ತೇನೆ, 7 ಸಾಲನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.