ಇಷ್ಟು ಸರಳವಾದದ್ದು ದೊಡ್ಡ ಸಂಗೀತ ಹೇಗಾಗುತ್ತದೆ?

ಮಡಿಕೇರಿಯಲ್ಲಿ ಪಿಟೀಲು ಕಲಿಸುವ ನನ್ನನ್ನು ಮಕ್ಕಳ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಪಾಠದ ಕೋಣೆಯಲ್ಲಿ ನಾನು ಎಸ್ಟೋನಿಯಾದ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ಕೃತಿ ಹಾಕಿದಾಗ, "ಮೇಡಂ, ಇದರಲ್ಲಿರುವುದು ಏರುವ ನಾಲ್ಕು ಸ್ವರ, ಇಳಿಯುವ ನಾಲ್ಕು ಸ್ವರ. ನಮ್ಮ ಮಗಳೇ ನುಡಿಸಿಯಾಳು. ಇದು ದೊಡ್ಡ ಸಂಗೀತ ಹೇಗಾಯಿತು?" ಎನ್ನುತ್ತಾರೆ. ಕಚೇರಿ ಕೇಳಿ ಬೆಳೆದವರಿಗೆ ಈ ಅನುಮಾನ ಸಹಜ. ಗಮಕವಿಲ್ಲ, ತಾನವಿಲ್ಲ, ತನಿ ಆವರ್ತನದ ಬಿರುಸಂತೂ ಇಲ್ಲವೇ ಇಲ್ಲ.

ಮೊದಲು ಒಂದು ಮಾತು. ಪ್ಯಾರ್ಟ್ ಸರಳವಾಗಿ ಬರೆದದ್ದು ಕಠಿಣವಾದದ್ದು ಬಾರದೆ ಅಲ್ಲ. 1935ರಲ್ಲಿ ಎಸ್ಟೋನಿಯಾದ ಪೈಡೆ ಎಂಬಲ್ಲಿ ಹುಟ್ಟಿದ ಅವರು ತಾಲ್ಲಿನ್‌ನಲ್ಲಿ ಹೈನೊ ಎಲ್ಲರ್ ಬಳಿ ಕಲಿತವರು. ರೇಡಿಯೋ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಲೇ ಕೃತಿ ರಚಿಸಿದವರು. ಹನ್ನೆರಡು ಸ್ವರಸ್ಥಾನಗಳನ್ನೂ ಸಮಾನವಾಗಿ ಸಾಲುಗಟ್ಟಿಸುವ ಪದ್ಧತಿಯಲ್ಲಿ 1960ರಲ್ಲೇ 'ನೆಕ್ರೊಲೋಗ್' ಬರೆದರು. ಆಗ ಎಸ್ಟೋನಿಯಾ ಸೋವಿಯತ್ ಆಳ್ವಿಕೆಯಲ್ಲಿತ್ತು. ಆಳುವವರಿಗೆ ಅದು ಹಿಡಿಸಲಿಲ್ಲ. 1968ರ 'ಕ್ರೆಡೊ'ದಲ್ಲಿ ಕ್ರಿಸ್ತನಲ್ಲಿ ನಂಬಿಕೆ ಸಾರುವ ಲ್ಯಾಟಿನ್ ಸಾಲಿತ್ತು. ಮೊದಲ ಪ್ರದರ್ಶನದ ನಂತರ ಆ ಕೃತಿಗೆ ವೇದಿಕೆ ಸಿಗದಂತಾಯಿತು.

ಆಮೇಲೆ ಸುಮಾರು ಎಂಟು ವರ್ಷ ಅವರು ಹೆಚ್ಚೇನೂ ಬರೆಯಲಿಲ್ಲ. 1971ರ ಮೂರನೆಯ ಸಿಂಫನಿಯನ್ನೂ ಹೊಟ್ಟೆಪಾಡಿನ ಸಿನಿಮಾ ಸಂಗೀತವನ್ನೂ ಬಿಟ್ಟರೆ ಉಳಿದದ್ದು ಅಭ್ಯಾಸ. ಮಧ್ಯಯುಗದ ಚರ್ಚುಗಳ ಒಂಟಿ ಧಾಟಿಯ ಪ್ರಾರ್ಥನೆಗಳನ್ನು ಓದುತ್ತ, ಒಂದೊಂದೇ ಎಳೆಯ ಸ್ವರಪಂಕ್ತಿಗಳನ್ನು ಬರೆದು ಪುಸ್ತಕಗಳನ್ನು ತುಂಬಿಸಿದರು. ಹೆಸರು ಗಳಿಸಿದವರು ಮೊದಲ ಪಾಠವಾದ ಸರಳೆ ವರಸೆಗೆ ಮರಳಿ ಕೂರುವುದಕ್ಕೆ ಎಂಥ ಎದೆಗಾರಿಕೆ ಬೇಕೆಂದು ಕಲಿಸುವ ಕೆಲಸದಲ್ಲಿರುವ ನನಗೆ ಚೆನ್ನಾಗಿ ಗೊತ್ತು. 1976ರಲ್ಲಿ ಹೊರಬಂದದ್ದು 'ಫ್ಯೂರ್ ಅಲೀನಾ', ಎರಡೇ ಪುಟದ ಪಿಯಾನೋ ಕೃತಿ.

ಟಿಂಟಿನಾಬುಲಿ ಎಂದು ಅವರು ಕರೆದ ಆ ಶೈಲಿಯಲ್ಲಿ ಎರಡು ಎಳೆಗಳಿವೆ. ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ನಡೆಯುತ್ತದೆ. ಇನ್ನೊಂದಕ್ಕೆ ಷಡ್ಜ, ಗಾಂಧಾರ, ಪಂಚಮ ಈ ಮೂರರ ಹೊರಗೆ ಹೋಗಲು ಅನುಮತಿಯಿಲ್ಲ. ಮೊದಲನೆಯದು ಹೆಜ್ಜೆಯಿಟ್ಟಾಗಲೆಲ್ಲ ಎರಡನೆಯದು ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ನಿಯಮದಿಂದಲೇ ತೀರ್ಮಾನವಾಗುತ್ತದೆ. ತಂಬೂರಿಯ ಹಾಗೆಯೇ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹಾಡುವವರು ಎತ್ತ ಹೋದರೂ ತಂಬೂರಿ ತನ್ನ ಪಾಡಿಗೆ ಮೀಟುತ್ತಿರುತ್ತದೆ. ಇಲ್ಲಿನ ಎರಡನೆಯ ಎಳೆ ಪ್ರತಿ ಸ್ವರಕ್ಕೂ ಉತ್ತರ ಕೊಡುತ್ತದೆ.

ಆದರೆ ತಂಬೂರಿಯನ್ನು ನೆನೆಯಲೇಬೇಕಾದ ಜಾಗ ಒಂದಿದೆ. ಬ್ರಿಟನ್ನಿನ ಸಂಯೋಜಕ ಬೆಂಜಮಿನ್ ಬ್ರಿಟನ್ 1976ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಪ್ಯಾರ್ಟ್ 'ಕ್ಯಾಂಟಸ್' ಬರೆದರು. ತಂತಿವಾದ್ಯಗಳು, ಬಾರಿಸುವ ಗಂಟೆಯೊಂದು, ಅಷ್ಟೇ. ನಟಭೈರವಿ ರಾಗದ ಸ್ವರಗಳ ಬರಿಯ ಅವರೋಹಣ. ಮೊದಲ ಪಿಟೀಲು ಒಂದು ಸ್ವರ, ಮತ್ತೆ ಮೇಲಿಂದ ಎರಡು, ಮತ್ತೆ ಮೇಲಿಂದ ಮೂರು ಎಂದು ಇಳಿಯುತ್ತದೆ. ಎರಡನೆಯ ಪಿಟೀಲು ಅದನ್ನೇ ಅರ್ಧ ವೇಗದಲ್ಲಿ, ವಯೋಲಾ ಅದರರ್ಧ, ಚೆಲ್ಲೋ ಅದರರ್ಧ. ಡಬಲ್ ಬಾಸ್‌ಗೆ ಬರುವಾಗ ಹದಿನಾರು ಪಟ್ಟು ನಿಧಾನ. ಇಳಿದು ಮುಗಿಸಿದವರು ಕೊನೆಯ ಸ್ವರದ ಮೇಲೆ ನಿಂತು ಉಳಿದವರಿಗಾಗಿ ಕಾಯುತ್ತಾರೆ. ಎಲ್ಲರೂ ಮುಟ್ಟಿದ ಮೇಲೆ ತಂತಿಗಳು ಒಮ್ಮೆಲೇ ನಿಲ್ಲುತ್ತವೆ, ಗಂಟೆಯ ಅನುರಣನ ಮಾತ್ರ ಉಳಿಯುತ್ತದೆ. ಅಷ್ಟು ಹೊತ್ತು ಕೇಳಿದ್ದು ಸಾಧಾರಣ ಗಾಂಧಾರ. ಗಂಟೆಯ ನಾದದೊಳಗಿಂದ ಏಳುವುದು ಅದಕ್ಕಿಂತ ಒಂದು ಸ್ವರಸ್ಥಾನ ಮೇಲಿನ ಅಂತರ ಗಾಂಧಾರ! ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಮೂಡುವ ಅದೇ ಸ್ವಯಂಭೂ ಗಾಂಧಾರ. ಒಬ್ಬರ ಸಾವಿಗೆ ಇದಕ್ಕಿಂತ ಗೌರವದ ಸಂಗೀತವನ್ನು ನಾನು ಕೇಳಿಲ್ಲ.

ಮಾತಿಗೆ ಅವರು ಕೊಡುವ ಮರ್ಯಾದೆಯನ್ನೂ ಹೇಳಬೇಕು. ಯೋಹಾನನ ಸುವಾರ್ತೆಯನ್ನು ಆಧರಿಸಿದ, 1982ರ 'ಪಾಸಿಯೋ'ದಲ್ಲಿ ಸ್ವರ ಎಷ್ಟು ದೂರ ನಡೆಯಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ಪದದ ಉದ್ದ ಮತ್ತು ವಾಕ್ಯದ ಅಲ್ಪವಿರಾಮ, ಪೂರ್ಣವಿರಾಮಗಳೇ ನಿರ್ಧರಿಸುತ್ತವೆ. ಹುತ್ತರಿ ಹಬ್ಬದಲ್ಲಿ ನಾಲ್ವರು ದುಡಿ ವಾದ್ಯ ಹಿಡಿದು ಇಬ್ಬರಿಬ್ಬರಾಗಿ ಹಾಡುವುದನ್ನು ಕೇಳಿದ ಕೊಡಗಿನವರಿಗೆ, ಚಿಕ್ಕ ಧಾಟಿಯೊಂದು ದೊಡ್ಡ ಕಥೆಯನ್ನು ಹೊರಬಲ್ಲದೆಂದು ನಾನು ವಿವರಿಸಬೇಕಿಲ್ಲ.

1980ರಲ್ಲಿ ಅವರು ಕುಟುಂಬದೊಡನೆ ದೇಶ ಬಿಟ್ಟು ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್ನಿಗೆ ಹೋದರು. 1984ರಲ್ಲಿ ಇಸಿಎಂ ಸಂಸ್ಥೆ ಹೊರತಂದ 'ತಾಬುಲಾ ರಾಸಾ' ಧ್ವನಿಮುದ್ರಿಕೆ ಅವರನ್ನು ಜಗತ್ತಿಗೆ ಪರಿಚಯಿಸಿತು. ಈಗ ಅವರ ಹಸ್ತಪ್ರತಿಗಳು ಎಸ್ಟೋನಿಯಾದ ಲೌಲಸ್ಮಾದಲ್ಲಿ, 2018ರಲ್ಲಿ ತೆರೆದ ಕೇಂದ್ರದಲ್ಲಿವೆ.

ಇನ್ನು ನಿಮ್ಮ ಮಗಳ ವಿಚಾರ. 1978ರ 'ಷ್ಪೀಗಲ್ ಇಮ್ ಷ್ಪೀಗಲ್'ನ ಪಿಟೀಲಿನ ಭಾಗವನ್ನು ಅವಳು ಖಂಡಿತ ಓದಬಲ್ಲಳು. ಶಂಕರಾಭರಣದ ಸ್ವರಗಳು, ಪ್ರತಿ ಸಾಲೂ ಗಾಂಧಾರಕ್ಕೇ ಮರಳುತ್ತದೆ, ಸಾಲುಗಳು ಒಂದೊಂದೇ ಸ್ವರದಷ್ಟು ಬೆಳೆಯುತ್ತವೆ. ನುಡಿಸಲು ಕೂತಾಗ ಕಷ್ಟ ತಿಳಿಯುತ್ತದೆ. ಕಮಾನು ಅಷ್ಟು ನಿಧಾನವಾಗಿ ಎಳೆಯುವಾಗ ಕೈ ಕೊಂಚ ನಡುಗಿದರೂ ಇಡೀ ಕೋಣೆಗೆ ಗೊತ್ತಾಗುತ್ತದೆ, ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಚ್ಚಿಕೊಳ್ಳಲು ಗಮಕವಿಲ್ಲ. ಆದ್ದರಿಂದಲೇ ವೇಗದ ಪಾಠಗಳೆಲ್ಲ ಕೈಗೆ ಹತ್ತಿದ ನಂತರ ನಾನು ಇದನ್ನು ಕೊಡುತ್ತೇನೆ.

ಕೇಳಬಯಸುವವರು 'ಕ್ಯಾಂಟಸ್'ನಿಂದ ತೊಡಗಿ. ಬಳಿಕ 'ಫ್ರಾತ್ರೆಸ್', ಅದರಲ್ಲೂ ಪಿಟೀಲು-ಪಿಯಾನೋ ರೂಪ. 'ಪಾಸಿಯೋ' ಒಂದು ಗಂಟೆಗೂ ಮೀರಿದ್ದು, ಬಿಡುವಿದ್ದಾಗ ಕೇಳಿ. ಮೊಬೈಲಿನ ಪುಟ್ಟ ಸ್ಪೀಕರ್ ಮಾತ್ರ ಬೇಡ, ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ. ಡಬಲ್ ಬಾಸ್ ಕೇಳಿಸದಿದ್ದರೆ 'ಕ್ಯಾಂಟಸ್'ನಲ್ಲಿ ಉಳಿದವರೆಲ್ಲ ಯಾರಿಗಾಗಿ ಕಾಯುತ್ತಿದ್ದಾರೆಂಬುದೇ ತಿಳಿಯುವುದಿಲ್ಲ.